ಹೊಳೆ ಬರುತ್ತದೆ ಅಂದವರು ಯಾರು? ವಾಟ್ಸ್‌ಆ್ಯಪ್, ರೇಡಿಯೊ, ಡಂಗುರ

ನಮ್ಮೂರು ಅಫಜಲಪುರ ತಾಲೂಕಿನಲ್ಲಿ, ಭೀಮಾ ಹೊಳೆಯ ದಂಡೆಗೆ. ಮಳೆಗಾಲದಲ್ಲಿ ನಮಗೆ ಬೇಕಾದ ಸುದ್ದಿ ಒಂದೇ: ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರಾ, ಇಲ್ಲಿ ಸೊನ್ನ ಬ್ಯಾರೇಜಿನ ಗೇಟು ಎತ್ತಿದರಾ? ದನ ಬಿಚ್ಚಬೇಕೋ, ಪಂಪ್‌ಸೆಟ್ ಮೇಲೆ ತರಬೇಕೋ ಅದರ ಮೇಲೆ ಗೊತ್ತಾಗಬೇಕು. ಕಳೆದ ಮಳೆಗಾಲ ಪೂರ್ತಿ, ಯಾವ ಸುದ್ದಿ ಎಷ್ಟು ಗಂಟೆಗೆ ಬಂತು, ನಿಜವಾಯಿತಾ ಎಂದು ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಎಲ್ಲಕ್ಕಿಂತ ಮೊದಲು ಬಂದದ್ದು ವಾಟ್ಸ್‌ಆ್ಯಪ್. ಇದೇ ಹೊಳೆಯ ಮೇಲ್ಭಾಗದ ಪಂಢರಪುರದಲ್ಲಿರುವ ನಮ್ಮ ಮಾವನ ಮಗ ಘಾಟಿನಲ್ಲಿ ನಿಂತು ಫೋಟೊ ಕಳಿಸುತ್ತಾನೆ. ಎಷ್ಟು ಮೆಟ್ಟಿಲು ಮುಳುಗಿವೆ ಎಂದು ಎಣಿಸಿದರೆ ಸಾಕು, ನೀರು ನಮ್ಮ ಕಡೆ ಹೊರಟಿದೆ ಅಂತ ತಿಳಿಯುತ್ತದೆ. ಅವನ ಫೋಟೊ ಒಂದು ಸಲವೂ ಸುಳ್ಳಾಗಲಿಲ್ಲ.

ಊರಿನ ಗ್ರೂಪ್ ಮಾತ್ರ ಹಾಗಲ್ಲ. ಆಗಸ್ಟಿನಲ್ಲಿ ಒಂದು ರಾತ್ರಿ ಘತ್ತರಗಿ ಸೇತುವೆ ಮುಳುಗಿದ ವಿಡಿಯೊ ಬಂತು. ಆ ಕತ್ತಲಲ್ಲೇ ದನ ಹೊಡೆದುಕೊಂಡು ದಿಬ್ಬಕ್ಕೆ ಹೋದೆವು. ಬೆಳಿಗ್ಗೆ ಮತ್ತೆ ನೋಡಿದರೆ, ವಿಡಿಯೊದ ಮೂಲೆಯಲ್ಲಿ ಎದೆಮಟ್ಟದ ತೊಗರಿ, ಹೂ ಬೇರೆ ಬಿಟ್ಟಿದೆ. ನಮ್ಮ ಹೊಲದ ತೊಗರಿ ಇನ್ನೂ ಮೊಣಕಾಲುದ್ದ! ಅದು 2020ರ ಅಕ್ಟೋಬರಿನ ಹೊಳೆ. ಕಳಿಸಿದವರನ್ನು ಕೇಳಿದರೆ, 'ನನಗೂ ಯಾರೋ ಹಾಕಿದ್ರು' ಅಂದರು.

ನಮ್ಮದು ಒಂದು ರಾತ್ರಿಯ ನಿದ್ದೆಗೆ ಮುಗಿಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ಸುಳ್ಳು ನಂಬಿ, ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಆಮೇಲೆ ಒಂದು ಮೆಸೇಜನ್ನು ಒಮ್ಮೆಗೆ 5 ಕಡೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಬಂತು. ಬಹಳ ಕೈ ದಾಟಿದ ಮೆಸೇಜಿಗೆ ಈಗ ಎರಡು ಬಾಣದ ಗುರುತು ಇರುತ್ತದೆ. ಅದು ಕಂಡರೆ ನಾನು ತೆರೆಯುವುದೇ ಇಲ್ಲ.

ಕಲಬುರಗಿ ಆಕಾಶವಾಣಿ 1966ರಿಂದ ಇದೆ, ನಮ್ಮ ಅತ್ತೆಗೆ ಅದೇ ಪ್ರಮಾಣ. ಸುದ್ದಿ ತಡ, ನಿಜ. ಸಿಡಿಲು ಹೊಡೆದರೆ ಮೀಡಿಯಂ ವೇವ್ ಚರಚರ ಅನ್ನುತ್ತದೆ. ಆದರೆ ಎಷ್ಟು ಕ್ಯುಸೆಕ್ ಬಿಟ್ಟರು ಎಂದು ಲೆಕ್ಕ ಕೊಡುತ್ತಾರೆ. ಕರೆಂಟು, ಟವರ್ ಎರಡೂ ಹೋದ ಮೂರು ದಿನ ಮನೆಯಲ್ಲಿ ಮಾತಾಡಿದ್ದು ಅದೊಂದೇ.

ಪೇಪರು ಮೊದಲ ಬಸ್ಸಿಗೆ ಬರುತ್ತದೆ. ಹೊಳೆ ಸುದ್ದಿಗೆ ಅಲ್ಲ, ತೊಗರಿ ರೇಟಿಗೆ, ಬೆಳೆ ಪರಿಹಾರದ ಅರ್ಜಿಯ ಕೊನೆ ದಿನಕ್ಕೆ ಬೇಕು. ಕತ್ತರಿಸಿ ಇಟ್ಟುಕೊಳ್ಳಬಹುದಲ್ವಾ.

ಡಂಗುರ ಎಲ್ಲಕ್ಕಿಂತ ಕೊನೆಗೆ ಬಂತು. ಆದರೂ ನನ್ನ ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಒಂದೂ ತಪ್ಪಿಲ್ಲ. ಹಲಗೆ ಬಾರಿಸುತ್ತ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಬಹುದು.

'ಯಾರು ಹೇಳ್ಯಾರ, ಕಾಕಾ?'

'ಪಂಚಾಯ್ತಿದವರು ಹೇಳ್ಯಾರ, ಯವ್ವಾ. ಸೊನ್ನದಾಗ ಗೇಟ್ ಎತ್ಯಾರ. ಸಂಜಿ ಒಳಗ ದನ ಬಿಚ್ರಿ.'

ಈ ಸಲ ಊರ ಗ್ರೂಪ್ ಮ್ಯೂಟ್ ಮಾಡಿದ್ದೇನೆ. ಮಾವನ ಮಗನ ನಂಬರಿಗೆ ಬೇರೆ ರಿಂಗ್‌ಟೋನ್ ಇಟ್ಟಿದ್ದೇನೆ. ಅತ್ತೆಯ ರೇಡಿಯೊಗೆ ನಾಲ್ಕು ಸೆಲ್ ಜಾಸ್ತಿ ತಂದಿದ್ದೇನೆ.