ಮೂರು ಅಂತಸ್ತಿನ ಮಣ್ಣಿನ ಕಾಂಪೋಸ್ಟ್ ಮಡಕೆ: ಮಡಿಕೇರಿ ಮಳೆಗೆ ತಡೆಯುತ್ತದೆಯೇ?

ಹಲವು ಮಳೆಗಾಲ ಬಳಸಿದ ಮೇಲೆ ಕೊಡುವ ಅಂಕ: 5ಕ್ಕೆ 3.5. ಡಿಸೆಂಬರಿನಿಂದ ಮೇ ತನಕದ ಕೆಲಸ ಮಾತ್ರ ನೋಡಿದರೆ 5ಕ್ಕೆ 5 ಕೊಡಬಹುದು. ಕಡಿಮೆಯಾದ ಒಂದೂವರೆ ಅಂಕ ಪೂರ್ತಿ ಮಳೆಗಾಲದ ಲೆಕ್ಕ.

ಒಂದರ ಮೇಲೊಂದು ಕೂರುವ ಮೂರು ಸುಟ್ಟ ಮಣ್ಣಿನ ಮಡಕೆ, ಮೇಲೊಂದು ಮುಚ್ಚಳ. ಒಂದೊಂದು ಸುಮಾರು 30 ಲೀಟರ್ ಹಿಡಿಯುತ್ತದೆ. ಮೇಲಿನ ಎರಡಕ್ಕೆ ತಳದಲ್ಲಿ ತೆಂಗಿನ ನಾರಿನ ಹಗ್ಗದ ಹೆಣಿಗೆ, ಕೆಳಗಿನದಕ್ಕೆ ಗಟ್ಟಿ ತಳ, ಪಕ್ಕದಲ್ಲಿ ಗಾಳಿಯ ತೂತು. ಹಸಿ ಕಸದ ನೀರನ್ನು ಮಣ್ಣಿನ ಗೋಡೆ ಹೀರಿ ಹೊರಗೆ ಆರಿಸುತ್ತದೆ. ಇದರ ಗುಟ್ಟೆಲ್ಲ ಅಲ್ಲಿದೆ. ಬಯಲುಸೀಮೆಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಮಡಿಕೇರಿಯಲ್ಲಿ ಜುಲೈ ತಿಂಗಳ ಗಾಳಿಯೇ ಒದ್ದೆ. ಗೋಡೆ ಆರುವುದಿಲ್ಲ, ಹೊರಮೈಗೆ ಹಸಿರು ಪಾಚಿ ಹತ್ತಿ ರಂಧ್ರ ಮುಚ್ಚುತ್ತದೆ, ಒಳಗಿನ ಕಸ ಗೊಬ್ಬರವಾಗುವ ಬದಲು ಕೊಳೆಯುತ್ತದೆ.

ಜೊತೆಗೆ ಬರುವ ಸೂಚನಾಪತ್ರದಲ್ಲಿ ಒಂದು ಮಗ್ ಹಸಿ ಕಸಕ್ಕೆ ಒಂದು ಮಗ್ ಒಣಪುಡಿ (ತರಗೆಲೆ, ಹೊಟ್ಟಿನಂಥದ್ದು) ಎಂದಿರುತ್ತದೆ. ಬೇಸಿಗೆಗೆ ಅದು ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದಕ್ಕೆ ಎರಡು ಬೇಕು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಹಸಿ ಕಸ ಎಂದುಕೊಂಡರೂ ಒಣಪುಡಿ ದಿನಕ್ಕೆ 3 ಲೀಟರ್, ನಾಲ್ಕು ತಿಂಗಳಿಗೆ ಸುಮಾರು 360 ಲೀಟರ್. ಅಂದರೆ ದೊಡ್ಡ ಗೋಣಿಚೀಲದಲ್ಲಿ ನಾಲ್ಕು ಚೀಲ. ಇದನ್ನು ಜನವರಿಯಿಂದ ಮಾರ್ಚ್ ಒಳಗೆ, ತರಗೆಲೆ ಗರಿಗರಿಯಾಗಿರುವಾಗಲೇ ತುಂಬಿಸಿಡಬೇಕು. ಏಪ್ರಿಲ್ ಮಳೆ ಬಿದ್ದ ಮೇಲೆ ಗುಡಿಸಿದ ಎಲೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ.

ಯಾವ ಒಣಪುಡಿ ಎಂಬುದು ಮುಖ್ಯ. ಸಿಲ್ವರ್ ಓಕ್ ಎಲೆ ಎಲ್ಲೆಡೆ ಸಿಗುತ್ತದೆ, ಆದರೆ ತೊಗಲಿನಂಥ ಎಲೆ. ಹಾಗೇ ಹಾಕಿದರೆ ವರ್ಷವಾದರೂ ಎಲೆಯಾಗಿಯೇ ಇರುತ್ತದೆ. ಚೀಲಕ್ಕೆ ತುಂಬಿ ಕೋಲಿನಿಂದ ಬಡಿದು ಪುಡಿ ಮಾಡಿ. ಕಾಫಿ ತೋಟದ ನೆರಳಿನ ಮರ ಹಾಲುವಾಣದ ಎಲೆ ಬೇಗ ಕರಗುತ್ತದೆ, ನೀರು ಮಾತ್ರ ಹೀರುವುದಿಲ್ಲ. ಹಲ್ಲರ್ (ಕಾಫಿಯ ಸಿಪ್ಪೆ ಬಿಡಿಸುವ ಯಂತ್ರ) ಇರುವವರಲ್ಲಿ ಸಿಗುವ ರೋಬಸ್ಟಾ ಚೆರಿ ಹೊಟ್ಟು, ಅಂದರೆ ಒಣಗಿದ ಕಾಫಿ ಹಣ್ಣಿನ ಹೊಟ್ಟು, ನಮ್ಮಲ್ಲಿ ಸಿಗುವುದರಲ್ಲೇ ಉತ್ತಮ. ಕಾಫಿ ಬೀಜಕ್ಕೆ ಅಂಟಿದ ಗಟ್ಟಿ ಪದರವಾದ ಪಾರ್ಚ್‌ಮೆಂಟ್ ಸಿಪ್ಪೆ ಗಾಳಿಯಾಡಲು ಒಳ್ಳೆಯದು, ಕೊಳೆಯಲು ನಿಧಾನ. ಮರದ ಮಿಲ್ಲಿನ ಪುಡಿ ಆಗಬಹುದು, ಪ್ಲೈವುಡ್ ಕೊಯ್ದ ಪುಡಿಯಲ್ಲಿ ಅಂಟು ಇರುವುದರಿಂದ ಬೇಡ. ಒಲೆಯ ಬೂದಿ ವಾರಕ್ಕೊಂದು ಹಿಡಿ ಸಾಕು. ಹೆಚ್ಚಾದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಅಡರುವ ಘಾಟು ಅದರದ್ದೇ.

ತಯಾರಕರು ಹೇಳದ ಇನ್ನೊಂದು ಲೆಕ್ಕವಿದೆ. ಬೇಸಿಗೆಯಲ್ಲಿ ಒಂದು ಮಡಕೆ ತುಂಬಲು ಸುಮಾರು 20 ದಿನ, ಮೂರೂ ತುಂಬುವಷ್ಟರಲ್ಲಿ ಎರಡು ತಿಂಗಳು, ಕೆಳಗಿನದು ಮಾಗಿರುತ್ತದೆ. ಮಳೆಗಾಲದಲ್ಲಿ ಒಣಪುಡಿ ಇಮ್ಮಡಿಯಾಗುವುದರಿಂದ ಎರಡು ವಾರದೊಳಗೇ ಒಂದು ತುಂಬುತ್ತದೆ, ಮಾಗಲು ಮಾತ್ರ ಮೂರು ತಿಂಗಳು ಬೇಕು. ಆದ್ದರಿಂದ ಮೂರು ಮಡಕೆ ಸಾಲದು. ಮುಚ್ಚಳವಿರುವ ಹಳೆಯ ಪ್ಲಾಸ್ಟಿಕ್ ಡ್ರಮ್ಮಿಗೆ ಪಕ್ಕದಲ್ಲೂ ತಳದಲ್ಲೂ ಗೇಣಿಗೊಂದು ತೂತು ಕೊರೆದು, ಅರೆ ಮಾಗಿದ್ದನ್ನು ಅದಕ್ಕೆ ಸುರಿಯಿರಿ. ಅಂಗಳದಲ್ಲಿ ಗುಂಡಿ ತೆಗೆಯುವ ಯೋಚನೆ ಬಿಡಿ. ಜೂನ್‌ನಲ್ಲಿ ಗುಂಡಿ ತುಂಬ ನೀರು. ಇಳಿಜಾರಿನ ಮನೆಯವರು 2018ರ ಆಗಸ್ಟ್‌ನ ಭೂಕುಸಿತ ಕಂಡ ಮೇಲೆ ಮನೆ ಪಕ್ಕ ನೀರು ಇಂಗಿಸುವ ಕೆಲಸಕ್ಕೆ ಕೈಹಾಕಬಾರದು.

ದಿನದ ರೂಢಿ ಸರಳ. ತರಕಾರಿ ಸಿಪ್ಪೆ, ಕಾಫಿ ಚರಟ, ಅನ್ನದ ಉಳಿಕೆಯನ್ನು ತೂತಿನ ಬುಟ್ಟಿಯಲ್ಲಿ ರಾತ್ರಿಯಿಡೀ ನೀರು ಸೋರಲು ಬಿಡಿ. ಬಾಳೆಸಿಪ್ಪೆ ಒಂದಂಗುಲಕ್ಕೆ ಹೆಚ್ಚಿ. ಬೆಳಿಗ್ಗೆ ಮಡಕೆಗೆ ಹಾಕಿ, ಮೇಲೆ ಒಣಪುಡಿ ಮುಚ್ಚಿ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಮಳೆಯಲ್ಲಿ ದಿನ ಬಿಟ್ಟು ದಿನ ಕೋಲಿನಿಂದ ತಳದವರೆಗೆ ಕೆದಕಿ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಹದ. ನೀರು ಇಳಿದರೆ ಒಣಪುಡಿ ಸಾಲದು. ಇರುವೆ ಕಟ್ಟಿದರೆ ತೀರಾ ಒಣಗಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಆಡುತ್ತಿಲ್ಲವೆಂದು ಅರ್ಥ. ಪೂರ್ತಿ ಹೊರಗೆ ಸುರಿದು ಹೊಟ್ಟು ಬೆರೆಸಿ ಮತ್ತೆ ತುಂಬಿ. ಬೂದು ಬಣ್ಣದ ದಪ್ಪ ಹುಳು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ, ಅದನ್ನು ಕೊಲ್ಲಬೇಡಿ. ಕಸ ಕರಗಿಸುವುದರಲ್ಲಿ ಅದಕ್ಕೆ ಸಮನಿಲ್ಲ. ಅಂಗಡಿಯ ಕಾಂಪೋಸ್ಟ್ ಪುಡಿಯೂ ಪದೇಪದೇ ಬೇಕಿಲ್ಲ, ಹಳೆಯ ಗೊಬ್ಬರ ಎರಡು ಹಿಡಿ ಸಾಕು.

ಪಂದಿಕರಿಯ ಮೂಳೆ, ಕೊಬ್ಬು ಖಂಡಿತ ಬೇಡ; ಹೆಗ್ಗಣ ಬರುತ್ತದೆ. ಕಣಿಲೆಯ (ಎಳೆ ಬಿದಿರಿನ) ಹೊರಸಿಪ್ಪೆ ಬೇಗ ಕೊಳೆಯುವುದಿಲ್ಲ, ಅದರ ಸುಂಕು ಕೆದಕುವ ಕೈಗೆ ತುರಿಕೆ ತರುತ್ತದೆ. ಹಲಸಿನ ತ್ಯಾಜ್ಯ ಒಮ್ಮೆಗೆ ಎರಡು ಮಗ್ ಮೀರದಿರಲಿ. ಆನೆ ಓಡಾಡುವ ಕಡೆ ಅದನ್ನು ಹಾಕಲೇಬೇಡಿ.

ಬಾಳಿಕೆಯಲ್ಲಿ ಮೊದಲು ಸೋಲುವುದು ನಾರಿನ ಹಗ್ಗ. ತೇವಕ್ಕೆ ಕೊಳೆತು ಒಂದು ದಿನ ಮೇಲಿನ ಮಡಕೆಯ ಕಸವೆಲ್ಲ ಕೆಳಗಿನದಕ್ಕೆ ಕುಸಿಯುತ್ತದೆ. ಕೊಂಡ ದಿನವೇ ನೈಲಾನ್ ಹಗ್ಗ ಹೆಣೆದುಕೊಳ್ಳಿ. ಕಬ್ಬಿಣದ ಜಾಲರಿ ತುಕ್ಕು ಹಿಡಿಯುತ್ತದೆ. ತುಂಬಿದ ಮಡಕೆ ಎತ್ತಿಡುವಾಗ ಅಂಚು ಒಡೆಯುವುದು ಮಾಮೂಲಿ, ಇಬ್ಬರು ಹಿಡಿದು ಇಳಿಸಿ. ಇರಚಲು ಹೊಡೆಯದ ಸೂರಿನಡಿ, ಗೋಡೆಯಿಂದ ಒಂದಡಿ ದೂರ, ಇಟ್ಟಿಗೆಯ ಮೇಲೆ ಇಡಿ. ಮಳೆ ನಿಂತ ಮೇಲೆ ಒಣ ಬ್ರಷ್‌ನಿಂದ ಪಾಚಿ ಉಜ್ಜಿ, ಖಾಲಿ ಮಡಕೆಯನ್ನು ನಾಲ್ಕು ದಿನ ಬಿಸಿಲಿಗೆ ಹಾಕಿ.

ಕುಶಾಲನಗರದ ಕಡೆಯವರು ಧೈರ್ಯವಾಗಿ ಕೊಳ್ಳಬಹುದು, ಅಲ್ಲಿ ಮಡಿಕೇರಿಯ ಅರ್ಧದಷ್ಟೂ ಮಳೆಯಿಲ್ಲ. ಮಳೆ ಇನ್ನೂ ಹೆಚ್ಚಿರುವ ಭಾಗಮಂಡಲದ ಕಡೆಯವರಿಗೆ ತೂತಿನ ಡ್ರಮ್ ಎರಡು ಇಟ್ಟುಕೊಳ್ಳುವುದೇ ಮೇಲು.

ಮಾಗಿದ ಗೊಬ್ಬರವನ್ನು ಜುಲೈನಲ್ಲಿ ಕುಂಡಕ್ಕೆ ಹಾಕಿದರೆ ಸತ್ವ ಮಳೆನೀರಿನ ಜೊತೆ ಹೋಗುತ್ತದೆ. ಸೆಪ್ಟೆಂಬರ್ ಕೊನೆಗೆ ಹಾಕಿ: ಗುಲಾಬಿ, ಡೇಲಿಯಾಕ್ಕೆ ಒಂದು ಪಾಲು ಗೊಬ್ಬರ, ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು. ಆಂಥೂರಿಯಂ ಬೇರಿಗೆ ಗಾಳಿ ಬೇಕು, ಅದಕ್ಕೆ ಮೇಲೊಂದು ಹಿಡಿ ಉದುರಿಸಿದರೆ ಸಾಕು. ಈ ಮಡಕೆ ಬೀಜ ಸಾಯುವಷ್ಟು ಬಿಸಿಯಾಗುವುದಿಲ್ಲವಾದ್ದರಿಂದ ಕುಂಡದಲ್ಲಿ ಟೊಮೆಟೊ, ಕುಂಬಳದ ಸಸಿ ಏಳುತ್ತವೆ. ಎರಡೆಲೆ ಇರುವಾಗಲೇ ಕಿತ್ತು ಬೇರೆಡೆ ನೆಡಿ.