ಸ್ಪ್ಯಾಮ್‌ಗೆ ತಿರುಗೇಟು: ಬ್ಲಾಕ್, ಉತ್ತರ, ಅನ್‌ಸಬ್‌ಸ್ಕ್ರೈಬ್, ರಿಪೋರ್ಟ್, ಅಲಿಯಾಸ್ – ಯಾವುದು ವಾಸಿ?

ಸ್ಪ್ಯಾಮ್ ಕಳಿಸುವವರ ಮೇಲೆ ಸಿಟ್ಟು ಬಂದಾಗ ಜನ ಏನೇನು ಮಾಡುತ್ತಾರೋ, ಅದರಲ್ಲಿ ಬಹುಪಾಲನ್ನು ನಾನೂ ಮಾಡಿ ನೋಡಿದ್ದೇನೆ. ಅಳೆಯಲು ಇಟ್ಟುಕೊಂಡಿದ್ದು ಎರಡೇ ಪ್ರಶ್ನೆ. ನನ್ನ ಇನ್‌ಬಾಕ್ಸ್ ಹಗುರಾಯಿತಾ? ಅವರಿಗೆ ಏನಾದರೂ ನಷ್ಟವಾಯಿತಾ? ಎರಡಕ್ಕೂ ಹೌದು ಎನ್ನುವ ದಾರಿ ಬಹಳ ಕಡಿಮೆ.

ಮೊದಲು ಕೈಬಿಟ್ಟಿದ್ದು ಬ್ಲಾಕ್ ಬಟನ್. ಸ್ಪ್ಯಾಮ್‌ನಲ್ಲಿ ಕಾಣುವ ಕಳಿಸಿದವರ ವಿಳಾಸ ಹೆಚ್ಚಾಗಿ ಸುಳ್ಳು, ಇಲ್ಲವೇ ಒಂದು ಸಲ ಬಳಸಿ ಬಿಸಾಡುವಂಥದ್ದು. ನಾಳೆ ಅದೇ ಮೇಲ್ ಬೇರೆ ಹೆಸರಲ್ಲಿ ಬರುತ್ತದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಒಂದೇ ವಿಳಾಸದಿಂದ ಬೆನ್ನು ಬಿಡದೆ ಬರೆಯುವವರಿಗೆ ಮಾತ್ರ ಇದು ಸರಿ.

ಉತ್ತರ ಬರೆದು ಸತಾಯಿಸುವುದು ಮಜಾ ಕೊಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಸಾಮಾನ್ಯ ಜಾಹೀರಾತು ಸ್ಪ್ಯಾಮ್‌ಗೆ ಬರೆದ ಉತ್ತರ ವಾಪಸ್ ಬರುತ್ತದೆ, ಅಥವಾ ಯಾರ ವಿಳಾಸವನ್ನು ಕದ್ದು ಬಳಸಿದ್ದಾರೋ ಆ ಪಾಪದವರಿಗೆ ಹೋಗುತ್ತದೆ. ‘ನಿಮಗೆ ಕೋಟಿಗಟ್ಟಲೆ ಹಣ ಬಂದಿದೆ’ ಎನ್ನುವ ವಂಚಕರು ಮಾತ್ರ ನಿಜವಾಗಿ ಓದುತ್ತಾರೆ. ಅಲ್ಲೂ ಲೆಕ್ಕ ನಮಗೆ ಉಲ್ಟಾ: ನಾನು ಕೂತು ಕಥೆ ಕಟ್ಟಬೇಕು, ಅವರು ಸಿದ್ಧ ಪಠ್ಯ ಅಂಟಿಸುತ್ತಾರೆ. ನ್ಯೂಜಿಲೆಂಡ್‌ನ ಆನ್‌ಲೈನ್ ಸುರಕ್ಷತಾ ಸಂಸ್ಥೆ ನೆಟ್‌ಸೇಫ್ 2017ರಲ್ಲಿ ‘ರಿ:ಸ್ಕ್ಯಾಮ್’ ಎಂಬ, ತಾನಾಗಿ ಉತ್ತರ ಬರೆಯುವ ಬಾಟ್ ತಂದಿದ್ದು ಇದಕ್ಕೇ. ವಂಚಕರ ಜೊತೆ ಹರಟೆ ಹೊಡೆಯುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಕೈಯಲ್ಲೇ ಮಾಡುವವರು ಕನಿಷ್ಠ ಬೇರೆ ಖಾತೆಯಿಂದ ಮಾಡಿ.

ಇನ್ನೂ ಮುಂದೆ ಹೋಗಿ ಅವರ ಮೇಲೇ ದಾಳಿ ಮಾಡೋಣ ಅನ್ನುವವರಿಗೆ ಬ್ಲೂ ಫ್ರಾಗ್ ಕಥೆ ಸಾಕು. ಬ್ಲೂ ಸೆಕ್ಯುರಿಟಿ ಎಂಬ ಕಂಪನಿ ತನ್ನ ಸದಸ್ಯರ ಪರವಾಗಿ ಸ್ಪ್ಯಾಮ್ ಹಿಂದಿನ ವೆಬ್‌ಸೈಟ್‌ಗಳಿಗೆ ರಾಶಿ ರಾಶಿ ‘ಕಳಿಸಬೇಡಿ’ ಮನವಿ ಕಳಿಸುತ್ತಿತ್ತು. ಅದು ಅವರಿಗೆ ತಟ್ಟಿತು ಕೂಡ. ತಟ್ಟಿದ್ದಕ್ಕೇ 2006ರ ಮೇ ತಿಂಗಳಲ್ಲಿ ಭಾರಿ ಪ್ರತಿದಾಳಿ ನಡೆದು ಕಂಪನಿ ಆ ಸೇವೆಯನ್ನೇ ಮುಚ್ಚಿತು. ಒಂದು ಕಂಪನಿಗೇ ಆಗದ್ದು ನಮ್ಮ ಲ್ಯಾಪ್‌ಟಾಪ್‌ಗೆ ಆಗುತ್ತದಾ?

ನಿಜವಾದ ಪೈಪೋಟಿ ಇರುವುದು ಅನ್‌ಸಬ್‌ಸ್ಕ್ರೈಬ್ (ಅವರ ಪಟ್ಟಿಯಿಂದ ನಮ್ಮ ಹೆಸರು ತೆಗೆಸುವುದು) ಮತ್ತು ಸ್ಪ್ಯಾಮ್ ಬಟನ್ ನಡುವೆ. ಇಲ್ಲಿ ಮೇಲ್ ಯಾರದ್ದು ಅನ್ನುವುದೇ ಮುಖ್ಯ. ಹೆಸರು, ವಿಳಾಸ ಇರುವ ಕಂಪನಿಯ ಪ್ರಚಾರ ಮೇಲ್ ಆದರೆ ಅನ್‌ಸಬ್‌ಸ್ಕ್ರೈಬ್ ಚೆನ್ನಾಗಿ ಕೆಲಸ ಮಾಡುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಭಾರಿ ಪ್ರಮಾಣದಲ್ಲಿ ಕಳಿಸುವವರು, ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5,000ಕ್ಕಿಂತ ಜಾಸ್ತಿ, ಒಂದೇ ಕ್ಲಿಕ್‌ನಲ್ಲಿ ಹೊರಬರುವ ದಾರಿ ಕೊಡಬೇಕು ಮತ್ತು ಎರಡು ದಿನದೊಳಗೆ ನಿಲ್ಲಿಸಬೇಕು. ಆದರೆ ಮೇಲ್ ಒಳಗಿನ ಲಿಂಕ್ ಒತ್ತಬೇಡಿ. ಆ್ಯಪ್ ತಾನೇ ಮೇಲ್ಗಡೆ ತೋರಿಸುವ ಬಟನ್ ಒತ್ತಿ. ಅಪರಿಚಿತರ ಮೇಲ್‌ನಲ್ಲಿರುವ ಲಿಂಕ್ ಒತ್ತಿದರೆ ‘ಈ ವಿಳಾಸದಲ್ಲಿ ಜನ ಇದ್ದಾರೆ’ ಎಂದು ಡಂಗುರ ಸಾರಿದ ಹಾಗೆ.

ಸ್ಪ್ಯಾಮ್ ಬಟನ್ ಇದಕ್ಕಿಂತ ಖಾರ. ನಾವು ಅದನ್ನು ಒತ್ತಿದರೆ ಒಂದು ದೂರು ಎಂದು ಲೆಕ್ಕ. ಅದೇ ನಿಯಮಗಳ ಪ್ರಕಾರ ದೂರಿನ ಪ್ರಮಾಣ ಶೇ 0.3ಕ್ಕೆ ಮುಟ್ಟಬಾರದು, ಅಂದರೆ 1,000 ಮೇಲ್‌ಗೆ 3. ಕಳಿಸಿದ ಕಂಪನಿಗೆ ಅದು ಬಿಸಿ ಮುಟ್ಟಿಸುತ್ತದೆ. ನಾವೇ ಕೇಳಿ ತರಿಸಿಕೊಂಡ ಪತ್ರಿಕೆ ಬೇಜಾರಾಯಿತು ಅಂತ ಇದನ್ನು ಒತ್ತುವುದು ಅನ್ಯಾಯ, ಅಲ್ವಾ? ನನ್ನ ಕ್ರಮ ಇಷ್ಟು: ಮೊದಲು ಅನ್‌ಸಬ್‌ಸ್ಕ್ರೈಬ್, ಆಮೇಲೂ ಬಂದರೆ ಮುಲಾಜಿಲ್ಲದೆ ಸ್ಪ್ಯಾಮ್.

ರಿಪೋರ್ಟ್ ಮಾಡುವುದು ತಾಳ್ಮೆ ಇರುವವರ ಆಟ. 1998ರಲ್ಲಿ ಶುರುವಾದ ಸ್ಪ್ಯಾಮ್‌ಕಾಪ್ ಎಂಬ ದೂರು ಸೇವೆಗೆ ಮೇಲ್‌ನ ಪೂರ್ತಿ ಹೆಡರ್ (ಮೇಲ್ ಬಂದ ದಾರಿಯ ದಾಖಲೆ) ಅಂಟಿಸಿದರೆ, ಅದು ಎಲ್ಲಿಂದ ಹೊರಟಿತು ಎಂದು ಹುಡುಕಿ ಆ ನೆಟ್‌ವರ್ಕ್‌ನವರಿಗೆ ದೂರು ಕಳಿಸಲು ನೆರವಾಗುತ್ತದೆ. ನನ್ನ ಇನ್‌ಬಾಕ್ಸ್‌ನಲ್ಲಿ ಇದರಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಆದರೂ ಇದನ್ನು ದಂಡ ಅನ್ನಲಾರೆ. 2008ರ ನವೆಂಬರ್‌ನಲ್ಲಿ ಸ್ಪ್ಯಾಮ್ ಜಾಲಗಳಿಗೆ ಸರ್ವರ್ ಜಾಗ ಕೊಟ್ಟಿದ್ದ ಮೆಕೋಲೋ ಎಂಬ ಒಂದೇ ಹೋಸ್ಟಿಂಗ್ ಕಂಪನಿಯ ಇಂಟರ್ನೆಟ್ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಕೆಲವು ತಿಂಗಳಲ್ಲಿ ಮತ್ತೆ ಏರಿತು, ಆ ಮಾತು ಬೇರೆ.

ನನ್ನ ಮಟ್ಟಿಗೆ ಗೆದ್ದಿದ್ದು ಅಲಿಯಾಸ್, ಅಂದರೆ ಬಂದ ಮೇಲನ್ನು ನಮ್ಮ ಇನ್‌ಬಾಕ್ಸ್‌ಗೇ ತಲುಪಿಸುವ ಬದಲಿ ವಿಳಾಸ. ವಿಳಾಸದಲ್ಲಿ ಹೆಸರಿನ ನಂತರ, @ ಗುರುತಿಗೆ ಮೊದಲು, ಪ್ಲಸ್ ಹಾಕಿ ಒಂದು ಪದ ಸೇರಿಸುವ ಉಚಿತ ಉಪಾಯವೂ ಇದೆ. ಅದರಿಂದ ವಿಳಾಸ ಸೋರಿದ್ದು ಎಲ್ಲಿಂದ ಎಂದು ಗೊತ್ತಾಗುತ್ತದೆ. ಆದರೆ ಪ್ಲಸ್ ನಂತರದ್ದನ್ನು ಅಳಿಸಿದರೆ ಅಸಲಿ ವಿಳಾಸ ಬಯಲು. ಎಷ್ಟೋ ಫಾರ್ಮ್‌ಗಳು ಪ್ಲಸ್ ಗುರುತನ್ನೇ ಒಪ್ಪುವುದಿಲ್ಲ. ಸಿಂಪಲ್‌ಲಾಗಿನ್, ಫೈರ್‌ಫಾಕ್ಸ್ ರಿಲೇ, ಆ್ಯಪಲ್‌ನ ಹೈಡ್ ಮೈ ಇಮೇಲ್ ಥರದವು ಬೇರೆಯದೇ ವಿಳಾಸ ಕೊಡುತ್ತವೆ. ಒಂದೊಂದು ಜಾಗಕ್ಕೆ ಒಂದೊಂದು. ಸ್ಪ್ಯಾಮ್ ಶುರುವಾದ ದಿನ ಆ ಒಂದನ್ನು ಆಫ್ ಮಾಡಿದರಾಯಿತು. ಅವರು ದುಡ್ಡು ಕೊಟ್ಟು ಕೊಂಡ ಪಟ್ಟಿಯಲ್ಲಿ ಒಂದು ಸತ್ತ ವಿಳಾಸ ಉಳಿಯುತ್ತದೆ.

ತೊಡಕುಗಳೂ ಇವೆ. ಗ್ರಾಹಕ ಸೇವೆಗೆ ಫೋನ್ ಮಾಡಿ ಅರ್ಥವಿಲ್ಲದ ಅಕ್ಷರಗಳ ವಿಳಾಸ ಓದಿ ಹೇಳುವುದು ಕಿರಿಕಿರಿ. ಅಲಿಯಾಸ್ ಸೇವೆಯೇ ನಿಂತುಹೋದರೆ ಪಾಸ್‌ವರ್ಡ್ ಮರಳಿ ಪಡೆಯುವುದು ಕಷ್ಟ. ಅದಕ್ಕೇ ಬ್ಯಾಂಕ್‌ಗೆ ನಾನು ಅಸಲಿ ವಿಳಾಸವನ್ನೇ ಕೊಡುತ್ತೇನೆ. ಈಗಾಗಲೇ ಸೋರಿಹೋದ ಹಳೆಯ ವಿಳಾಸಕ್ಕಂತೂ ಅಲಿಯಾಸ್ ಏನೂ ಮಾಡಲಾರದು. ಅಲ್ಲಿ ಸಂಪರ್ಕ ಪಟ್ಟಿಯಲ್ಲಿ ಇಲ್ಲದವರ ಮೇಲ್ ಎಲ್ಲ ಬೇರೆ ಫೋಲ್ಡರ್‌ಗೆ ಹೋಗುವಂತೆ ಮಾಡಿದ್ದೇನೆ. ಚಿತ್ರಗಳು ತಾವಾಗಿ ತೆರೆಯದಂತೆಯೂ ಇಟ್ಟಿದ್ದೇನೆ, ಮೇಲ್ ತೆರೆದಿದ್ದು ಅವರಿಗೆ ಗೊತ್ತಾಗಬಾರದಲ್ಲ. ಖಾತೆಗಳನ್ನು ಬಿಡುವಾದಾಗ ಒಂದೊಂದಾಗಿ ಹೊಸ ಅಲಿಯಾಸ್‌ಗೆ ದಾಟಿಸುತ್ತಿದ್ದೇನೆ.