ಬೆತ್ತ, ಬಿಸ್ಕತ್ತು, ಕೊಬ್ಬರಿ ಚೂರು: ಎರಡು ನಾಯಿಗಳು ಒಪ್ಪಿದ್ದು ಯಾವುದನ್ನು?

ನಾಯಿಗೆ ತಿಂಡಿ ಕೊಟ್ಟು ಕಲಿಸುತ್ತೇವೆ ಅಂದರೆ ನಮ್ಮ ಕಡೆ ಈಗಲೂ "ಅದೆಲ್ಲ ಪೇಟೆಯವರ ಶೋಕಿ" ಅನ್ನುವವರೇ ಜಾಸ್ತಿ. ಎರಡು ನಾಯಿಗಳ ಜೊತೆ ಮಾಡಿ ನೋಡಿದ ಮೇಲೆ ಆ ಮಾತನ್ನು ನಾನಂತೂ ಒಪ್ಪುವುದಿಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮ ತೋಟದ ಮನೆಯಲ್ಲಿರುವವನು ಕೆಂಚ, ನಾಟಿ ನಾಯಿ. ಶಿವಮೊಗ್ಗದ ವಿನೋಬನಗರದಲ್ಲಿ ಅಕ್ಕನ ಮನೆಯಲ್ಲಿರುವವಳು ಚೆರ್ರಿ, ಲ್ಯಾಬ್ರಡಾರ್. ಒಂದೇ ತಂಟೆಗೆ ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇವೆ. ಯಾವುದು ಎಲ್ಲಿ ನಡೆಯಿತು, ಎಲ್ಲಿ ಕೈಕೊಟ್ಟಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಗದರಿಕೆಯೋ, ತಿಂಡಿಯೋ

ಎರಡಕ್ಕೂ ಇದ್ದ ದೊಡ್ಡ ಚಾಳಿ ಬಂದವರ ಮೈಮೇಲೆ ಹಾರುವುದು. ದೊಡ್ಡಪ್ಪನ ದಾರಿ ಹಳೆಯದು: ಗದರುವುದು, ಕೇಳದಿದ್ದರೆ ಬೆತ್ತ ಎತ್ತುವುದು. ಅದರಿಂದ ಏನೂ ಆಗಲಿಲ್ಲ ಅಂತಲ್ಲ. ಕೆಂಚ ದೊಡ್ಡಪ್ಪನ ಮೇಲೆ ಹಾರುವುದನ್ನು ಬಿಟ್ಟ. ಪೋಸ್ಟಿನವರ ಮೇಲೆ, ಹಾಲಿಗೆ ಬರುವ ಮಕ್ಕಳ ಮೇಲೆ ಹಾರುವುದು ಹಾಗೇ ಇತ್ತು. ಜೊತೆಗೆ ಹೊಸದೊಂದು ಶುರುವಾಯಿತು. ಯಾರಾದರೂ ಜಗಲಿ ಗುಡಿಸಲು ಪೊರಕೆ ಎತ್ತಿದರೂ ಸಾಕು, ಕಿವಿ ಹಿಂದಕ್ಕೆ ಅಂಟಿಸಿ, ಬಾಲ ಹೊಟ್ಟೆಯಡಿ ಸೇರಿಸಿ ಕೊಟ್ಟಿಗೆ ಕಡೆ ಜಾರಿಕೊಳ್ಳುತ್ತಿದ್ದ. ಕೋಲು ಹಿಡಿದ ಕೈ ಕಂಡರೆ ಓಡಬೇಕು, ಅವನು ಕಲಿತದ್ದು ಅಷ್ಟೇ.

ಚೆರ್ರಿಯ ಕಥೆ ಉಲ್ಟಾ. ಅಕ್ಕ "ಇಳಿಯೇ ಕೆಳಗೆ" ಅಂತ ಕೂಗಿ ತಳ್ಳಿದಷ್ಟೂ ಅವಳಿಗೆ ಖುಷಿ. ಅವಳಿಗೆ ಬೇಕಿದ್ದದ್ದೇ ಮಾತು ಮತ್ತು ಕೈ. ಬೈದರೂ ಎರಡೂ ಸಿಕ್ಕಿದವಲ್ಲ!

ಇನ್ನೊಂದು ದಾರಿ ಹೀಗೆ: ನಾಯಿ ಹಾರಿದರೆ ಬೆನ್ನು ತಿರುಗಿಸಿ ಸುಮ್ನೆ ನಿಲ್ಲುವುದು. ನಾಲ್ಕೂ ಕಾಲು ನೆಲಕ್ಕೆ ತಾಗಿದ ಕೂಡಲೇ ತಿಂಡಿ, ಅದೂ ನೆಲದ ಹತ್ತಿರವೇ. ಆಮೇಲೆ ಯಾರು ಬಂದರೂ ಮೊದಲು ಕೂರುವುದನ್ನು ಕಲಿಸುವುದು. ಮೊದಮೊದಲು ಹಾರಾಟ ಹೆಚ್ಚೇ ಆಯಿತು. ಇಷ್ಟು ದಿನ ನಡೆದ ಉಪಾಯ ಈಗ ಯಾಕೆ ನಡೆಯುತ್ತಿಲ್ಲ ಅಂತ ನಾಯಿ ಜೋರು ಮಾಡಿ ನೋಡುತ್ತದೆ. ಬಹಳ ಜನ ಕೈಬಿಡುವುದು ಆ ಹೊತ್ತಿನಲ್ಲೇ. ನಾವು ಬಿಡಲಿಲ್ಲ. ಈಗ ದಣಪೆ (ಬೇಲಿಬಾಗಿಲಿನ ಗಳ) ಸರಿಸಿದ ಸದ್ದಾದರೆ ಕೆಂಚ ಓಡಿ ಬಂದು ಅಂಗಳದಲ್ಲಿ ಕುಂಡೆ ಊರುತ್ತಾನೆ. ಬಾಲ ಮಾತ್ರ ತರಗೆಲೆ ಗುಡಿಸುತ್ತಲೇ ಇರುತ್ತದೆ.

"ತಗ್ಗಿಸದಿದ್ದರೆ ನಾಯಿ ಮನೆಯ ಯಜಮಾನನೇ ಆಗಿಬಿಡುತ್ತದೆ" ಅನ್ನುವ ನಂಬಿಕೆ ದೊಡ್ಡಪ್ಪನೊಬ್ಬರದ್ದೇ ಅಲ್ಲ. ಅದರ ಬೇರು 1947ರಲ್ಲಿ ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿದ ರುಡಾಲ್ಫ್ ಶೆಂಕೆಲ್ ಬೋನಿನಲ್ಲಿದ್ದ ತೋಳಗಳನ್ನು ನೋಡಿ, ಗುಂಪಿನ ಯಜಮಾನಿಕೆಗೆ ಅವು ಪೈಪೋಟಿ ಮಾಡುತ್ತವೆ ಅಂತ ಬರೆದದ್ದರಲ್ಲಿದೆ. 1970ರಲ್ಲಿ ಅದನ್ನು ಜನರಿಗೆ ತಲುಪಿಸಿದ ತೋಳ ಸಂಶೋಧಕ ಡೇವಿಡ್ ಮೀಚ್ 1999ರಲ್ಲಿ ತಾನೇ ತಿದ್ದಿದರು: ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಗದರಿಸಿ, ನೋಯಿಸಿ ಕಲಿಸಿದ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಒತ್ತಡದ ಹಾರ್ಮೋನು ಏರಿರುವುದು ಅದರಲ್ಲಿ ಕಂಡಿತ್ತು. ಪೊರಕೆ ಕಂಡು ಓಡುವ ಕೆಂಚನನ್ನು ನೋಡಿದ್ದವರಿಗೆ ಅದು ಹೊಸ ಸುದ್ದಿಯಲ್ಲ.

ಯಾವ ತಿಂಡಿ?

ಇಲ್ಲಿಯೇ ನಮಗೆ ಹೆಚ್ಚು ತಲೆಬಿಸಿ ಆದದ್ದು.

ಅಂಗಡಿಯ ನಾಯಿ ಬಿಸ್ಕತ್ತು: ಬೇಸಿಗೆಯಲ್ಲಿ ಪರವಾಗಿಲ್ಲ. ಆಷಾಢದ ಮಳೆ ಹಿಡಿದರೆ ಡಬ್ಬಿ ತೆರೆದಿಟ್ಟ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ, ಮರೆತರೆ ಬೂಸಲು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಅದನ್ನು ಅಗಿದು ಮುಗಿಸಲು ಹೊತ್ತು ಬೇಕು. ಅಷ್ಟರಲ್ಲಿ ಯಾತಕ್ಕೆ ಕೊಟ್ಟಿರಿ ಅನ್ನುವುದೇ ನಾಯಿಗೆ ಮರೆತಿರುತ್ತದೆ. ಒಂದನ್ನು ನಾಲ್ಕಾಗಿ ಮುರಿದು ಕೊಟ್ಟರೆ ಮಾತ್ರ ಉಪಯೋಗ.

ಬೇಯಿಸಿದ ಕೋಳಿ: ಚೆರ್ರಿಗೆ ಇದರ ಮುಂದೆ ಬೇರೇನೂ ಇಲ್ಲ. ಉಪ್ಪು, ಮಸಾಲೆ, ಈರುಳ್ಳಿ ಹಾಕದೆ ಬೇಯಿಸಿ, ಮೂಳೆ ತೆಗೆದು, ಬೆರಳುಗುರಿನಷ್ಟು ಚೂರು ಮಾಡಬೇಕು. ಅಕ್ಕನ ಮನೆಯಲ್ಲಿ ಅದು ಸಾಧ್ಯ. ನಮ್ಮ ಮನೆಯಲ್ಲಿ ಅಮ್ಮ ಅಡಿಗೆಮನೆಗೆ ಕೋಳಿ ಸೇರಿಸುವುದಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಾಗೇ ಅಲ್ವಾ? ಅದಕ್ಕೆ ಕೋಳಿಯನ್ನು ಬಿಟ್ಟು ಹುಡುಕಬೇಕಾಯಿತು.

ಕೊಬ್ಬರಿ: ಕೆಂಚನ ಮಟ್ಟಿಗೆ ಗೆದ್ದದ್ದು ಇದೇ. ಮನೆಯಲ್ಲೇ ಇರುತ್ತದೆ, ಜೇಬಿನಲ್ಲಿ ಹಾಳಾಗುವುದಿಲ್ಲ, ವಾಸನೆ ದೂರದಿಂದಲೇ ಹಿಡಿಯುತ್ತಾನೆ. ಆದರೆ ಎಣ್ಣೆ ಜಾಸ್ತಿ, ಹೆಚ್ಚು ಕೊಟ್ಟರೆ ಹೊಟ್ಟೆ ಕೆಡುತ್ತದೆ. ದಿನದ ಒಟ್ಟು ಆಹಾರದಲ್ಲಿ ಇಂಥ ತಿಂಡಿಯ ಪಾಲು ಹತ್ತರಲ್ಲಿ ಒಂದನ್ನು ದಾಟಬಾರದು ಅನ್ನುವ ಲೆಕ್ಕ ಹಿಡಿದು, ಅಷ್ಟು ಅನ್ನವನ್ನು ಅವನ ಬಟ್ಟಲಿನಿಂದ ಕಡಿಮೆ ಮಾಡುತ್ತೇವೆ.

ಪನೀರು: ಇಬ್ಬರಿಗೂ ಬಹಳ ಇಷ್ಟ. ದುಬಾರಿ, ಮಳೆಗಾಲದಲ್ಲೂ ಬೇಗ ಹುಳಿಯಾಗುತ್ತದೆ. ಅದಕ್ಕೆ ಕಷ್ಟದ ಪಾಠಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ನಾಯಿಗೂ ಸಂಬಳ ಕೆಲಸಕ್ಕೆ ತಕ್ಕಂತಿರಬೇಕು. ಮನೆಯೊಳಗೆ "ಕೂರು" ಅಂದಾಗ ಕೂರುವುದಕ್ಕೆ ಒಂದು ತುಂಡು ಚಪಾತಿ ಸಾಕು. ಬೈಕ್ ಹೋಗುವಾಗ ಅಟ್ಟಿಸಿಕೊಂಡು ಹೋಗದೆ ನನ್ನ ಮುಖ ನೋಡುವುದಕ್ಕೆ ಚಪಾತಿ ಸಾಲದು.

ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ಯಾವತ್ತೂ ಬೇಡ, ನಾಯಿಗೆ ಅವು ವಿಷ. ಈರುಳ್ಳಿ ಹಾಕಿದ ಪಲ್ಯ ಸವರಿದ ದೋಸೆ ಚೂರೂ ಬೇಡ.

ಕ್ಲಿಕ್ಕರ್ ಮತ್ತು ಬಾಯಿಮಾತು

ಕ್ಲಿಕ್ಕರ್ ಅಂದರೆ ಒತ್ತಿದರೆ ಟಕ್ ಅನ್ನುವ ಸಣ್ಣ ಡಬ್ಬಿ. "ಈಗ ಮಾಡಿದ್ದೇ ಸರಿ" ಅಂತ ಆ ಕ್ಷಣಕ್ಕೇ ತಿಳಿಸುವುದು ಅದರ ಕೆಲಸ, ತಿಂಡಿ ಬೆನ್ನಿಗೇ ಬರುತ್ತದೆ. ಚೆರ್ರಿ ಮನೆಯೊಳಗೆ ಇದರಿಂದ ಬಹಳ ಬೇಗ ಕಲಿತಳು. ಸದ್ದು ಪ್ರತಿ ಸಲ ಒಂದೇ ಥರ, ಅಕ್ಕನ ಸಿಟ್ಟು, ಸುಸ್ತು ಅದರಲ್ಲಿ ಸೇರುವುದಿಲ್ಲ.

ತೋಟದಲ್ಲಿ ಮಾತ್ರ ನಡೆಯಲಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಗ್ಗ. ಕ್ಲಿಕ್ಕರ್ ಹಿಡಿಯಲು, ಕೊಬ್ಬರಿ ತೆಗೆಯಲು ಕೈ ಎಲ್ಲಿದೆ? ಮೇಲಿಂದ ಮಳೆಯ ಸದ್ದಿನಲ್ಲಿ ಆ ಟಕ್ ಕೇಳುವುದೂ ಇಲ್ಲ. ಕೆಂಚನಿಗೆ "ಭೇಷ್" ಅನ್ನುವ ಮಾತನ್ನೇ ಗುರುತು ಮಾಡಿದೆವು. ಬೇರೆ ಮಾತಿನ ನಡುವೆ ಅದು ಬರದಂತೆ ಮನೆಯವರೆಲ್ಲ ಎಚ್ಚರ ವಹಿಸಬೇಕು. ನಿಖರತೆಯಲ್ಲಿ ಕ್ಲಿಕ್ಕರ್ ಒಂದು ಕೈ ಮೇಲೆ. ಆದರೂ ಮಲೆನಾಡಿನ ಮಳೆಗಾಲಕ್ಕೆ ನನ್ನ ಓಟು ಬಾಯಿಮಾತಿಗೇ.

ಕೊರಳಿಗೆ ಏನು?

ಎಳೆದರೆ ಬಿಗಿಯುವ ಸರಪಳಿಯನ್ನು ಚೆರ್ರಿಗೆ ಹಾಕಲು ಹೇಳಿದವರಿದ್ದರು. ಹಾಕಿದಾಗ ಕೆಮ್ಮುತ್ತಾ ಎಳೆದಳೇ ಹೊರತು ಎಳೆಯುವುದನ್ನು ನಿಲ್ಲಿಸಲಿಲ್ಲ. ಅದನ್ನು ಬೇಗ ಬದಿಗಿಟ್ಟೆವು. ಎದೆ, ಬೆನ್ನು ಸುತ್ತುವ ಪಟ್ಟಿ ಹಾರ್ನೆಸ್. ಬೆನ್ನ ಮೇಲೆ ಕೊಂಡಿ ಇರುವ ಹಾರ್ನೆಸ್‌ನಿಂದ ಕೊರಳಿಗೆ ನೋವಿಲ್ಲ, ಆದರೆ ಎಳೆಯಲು ಇನ್ನೂ ಆರಾಮ. ಎದೆಯ ಮೇಲೆ ಕೊಂಡಿ ಇರುವುದು ಉತ್ತಮ. ಮುಂದಕ್ಕೆ ನುಗ್ಗಿದರೆ ಮೈ ತಾನಾಗಿ ನಮ್ಮ ಕಡೆ ತಿರುಗುತ್ತದೆ. ಆ ಹೊತ್ತಿಗೆ ನಾವು ನಿಂತು, ಹಗ್ಗ ಸಡಿಲವಾದಾಗ ಭೇಷ್ ಅಂದು ತಿಂಡಿ ಕೊಟ್ಟು ಮುಂದೆ ನಡೆಯಬೇಕು. ಹಾರ್ನೆಸ್ ಒಂದೇ ಕಲಿಸುವುದಿಲ್ಲ. ತೋಟ ತಿರುಗುವ ನಾಯಿಗೆ ಇಡೀ ದಿನ ಅದನ್ನು ಹಾಕಿಡಬೇಡಿ. ಒದ್ದೆ ಪಟ್ಟಿ ಕಂಕುಳು ಉಜ್ಜುತ್ತದೆ, ಅದರಡಿ ಉಂಬಳ (ಜಿಗಣೆ), ಉಣುಗು ಸೇರಿಕೊಂಡರೆ ಕಾಣುವುದೂ ಇಲ್ಲ.

ಬೊಗಳುವುದು

ಅಡಿಕೆ ಕೊನೆ (ಗೊನೆ) ಕೊಯ್ಲಿನ ದಿನ ಹಾಳೆಟೊಪ್ಪಿ ಹಾಕಿ ದೋಟಿ (ಉದ್ದ ಗಳ) ಹೊತ್ತು ಬರುವವರನ್ನು ಕಂಡರೆ ಕೆಂಚನಿಗೆ ರೇಗುತ್ತಿತ್ತು. "ಸುಮ್ನಿರೋ" ಅಂತ ನಾವು ಕೂಗಿದರೆ ಅವನ ಲೆಕ್ಕದಲ್ಲಿ ನಾವೂ ಜೊತೆಗೆ ಬೊಗಳಿದ ಹಾಗೆ. ಅವರು ಕಂಡರೂ ಬೊಗಳು ಬರದಷ್ಟು ದೂರದಲ್ಲಿ ಅವನನ್ನು ನಿಲ್ಲಿಸಿ, ಅವರು ಕಾಣುವಷ್ಟು ಹೊತ್ತು ಪನೀರು, ಮರೆಯಾದರೆ ಪನೀರೂ ಇಲ್ಲ. ದಿನ ಕಳೆದಂತೆ ಹತ್ತಿರ ಬಂದೆವು. ನಿಧಾನದ ಕೆಲಸ, ಆದರೆ ಕೆಲಸ ಮಾಡಿದ್ದು ಇದೊಂದೇ. ಎಂದೂ ಇಲ್ಲದ ನಾಯಿ ಹಠಾತ್ತನೆ ಗುರ್ರ್ ಅಂದರೆ, ಮುಟ್ಟಿದರೆ ಕಚ್ಚಲು ಬಂದರೆ ಪಾಠ ಬದಿಗಿಟ್ಟು ಪಶುವೈದ್ಯರಿಗೆ ತೋರಿಸಿ. ಕಿವಿಯಲ್ಲೋ ಹಲ್ಲಿನಲ್ಲೋ ನೋವಿರಬಹುದು.

ಮಂಗಗಳ ಎದುರು

ಎಳೆ ಅಡಿಕೆಗೆ ಮಂಗ ಬಿದ್ದಾಗ ಪನೀರೂ ಸೋಲುತ್ತದೆ. ಕರೆದರೆ ಕೆಂಚ ತಿರುಗಿಯೂ ನೋಡುತ್ತಿರಲಿಲ್ಲ. ಆಗ ಅವನಿಗೆ ಬೇಕಿದ್ದದ್ದು ತಿನ್ನುವುದಲ್ಲ, ಓಡಿಸುವುದು. ಹಾಗಾದರೆ ಅದನ್ನೇ ಕೊಟ್ಟರಾಯಿತು! ಪ್ರಾಣಿ ತಾನು ಹೆಚ್ಚು ಇಷ್ಟಪಡುವ ಕೆಲಸಕ್ಕಾಗಿ ಕಡಿಮೆ ಇಷ್ಟದ ಕೆಲಸವನ್ನೂ ಮಾಡುತ್ತದೆ ಅಂತ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರಿಮ್ಯಾಕ್ 1959ರಲ್ಲೇ ತೋರಿಸಿದ್ದರು. ಮೊದಲು ಉದ್ದ ಹಗ್ಗ ಕಟ್ಟಿ, ಮಂಗ ದೂರದಲ್ಲಿದ್ದಾಗ ಕರೆದೆವು. ಬಂದ ಕೂಡಲೇ "ಭೇಷ್, ಹೋಗು" ಅಂತ ಬಿಟ್ಟೆವು. ಕರೆದರೆ ಆಟ ಮುಗಿಯುವುದಿಲ್ಲ ಅಂತ ಗೊತ್ತಾದ ಮೇಲೆ ಅವನು ಬರತೊಡಗಿದ. ಈಗ ಹಗ್ಗ ಇಲ್ಲದೆಯೂ ಹೆಚ್ಚಿನ ಸಲ ಬರುತ್ತಾನೆ. ಸಂಜೆಯ ಕರೆ ಮಾತ್ರ ಬೇರೆ. ಚಿರತೆ ಓಡಾಡುವ ಜಾಗ, ಕತ್ತಲಾದರೆ ಮತ್ತೆ ಬಿಡುವಂತಿಲ್ಲ. ಆ ಒಂದು ಕರೆಗೆ ಬೇರೆ ಸೀಟಿ ಇಟ್ಟಿದ್ದೇವೆ, ಅದಕ್ಕೆ ಪನೀರಿನ ಜೊತೆ ರಾತ್ರಿಯ ಊಟವೂ ಸೇರುತ್ತದೆ.